.308 ತೋಟಾಕ್ಕೆ ಯಾವ ಮದ್ದು? ಬೆಳಗ್ಗೆ ಬಿದ್ದಲ್ಲಿ ಮಧ್ಯಾಹ್ನ ಬೀಳುತ್ತಿಲ್ಲ

ಹೊಸಗುರಿ

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ನನ್ನ ತೋಟಾ ನಾನೇ ತುಂಬಿಕೊಳ್ಳುತ್ತಿದ್ದೇನೆ, ಅಂದರೆ ಖಾಲಿ ಹಿತ್ತಾಳೆ ಕೇಸಿಗೆ ಕಿಡಿ ಕೊಡುವ ಪ್ರೈಮರ್, ಮದ್ದು, ಗುಂಡು ನಾನೇ ಕೂರಿಸುತ್ತೇನೆ. ಲೈಸೆನ್ಸು, ಪರವಾನಗಿ ಎಲ್ಲ ಸರಿಯಾಗಿದೆ. ರೈಫಲ್ .308 ವಿಂಚೆಸ್ಟರ್, ಬೋಲ್ಟ್ ಆಕ್ಷನ್ (ಹಿಂದಿನ ಬೋಲ್ಟನ್ನು ಪ್ರತಿ ಸಲ ಕೈಯಿಂದ ತೆರೆದು ಮುಚ್ಚುವಂಥದ್ದು), 24 ಅಂಗುಲದ ಬ್ಯಾರೆಲ್. ಗುಂಡು 168 ಗ್ರೇನ್ ತೂಕದ, ಸ್ಪರ್ಧೆಗೆಂದು ಮಾಡಿದ ಮ್ಯಾಚ್ ಗುಂಡು. ಇಷ್ಟು ದಿನ 100 ಮೀಟರಿನಲ್ಲೇ ಹೊಡೆಯುತ್ತಿದ್ದೆ. ಈಗ 600 ಮೀಟರಿಗೆ ಹೋಗಬೇಕು ಅಂತ ಆಸೆ.

ನನ್ನ ತೊಂದರೆ ಹೀಗಿದೆ. ನಾನು ಬಳಸುವುದು ದುಂಡುಕಾಳಿನ ಮದ್ದು. ಅಳೆಯುವುದು ಸುಲಭ ಅಂತ ಅದನ್ನೇ ತಂದಿದ್ದೆ. ಬೆಳಗ್ಗೆ ಏಳು ಗಂಟೆಗೆ ಹೊಡೆದರೆ ಮೂರು ಗುಂಡು 12 ಮಿಲಿಮೀಟರ್ ಒಳಗೆ ಬೀಳುತ್ತವೆ. ಹನ್ನೆರಡು ಗಂಟೆಗೆ ಅದೇ ಡಬ್ಬದ ತೋಟಾ 38 ಮಿಲಿಮೀಟರ್ ಹರಡುತ್ತದೆ. ಜೊತೆಗೆ ಇಡೀ ಗ್ರೂಪ್, ಅಂದರೆ ಗುಂಡುಗಳ ತೂತಿನ ಗುಂಪು, ಎರಡು ಸೆಂಟಿಮೀಟರಿನಷ್ಟು ಮೇಲೆ ಹೋಗುತ್ತದೆ.

ಪಕ್ಕದಲ್ಲಿ ಹೊಡೆಯುತ್ತಿದ್ದ ಹಿರಿಯರೊಬ್ಬರು "ಬಿಸಿಲಿಗೆ ಮದ್ದು ಕೆರಳುತ್ತದೆ, ಮದ್ದು ಬದಲಾಯಿಸು" ಅಂದರು. ಇನ್ನೊಬ್ಬರು "ನಿಧಾನದ ಮದ್ದು ಹಾಕಿದರೆ ಗುರಿ ತಾನಾಗೇ ಕೂರುತ್ತದೆ" ಅಂದರು. ನನ್ನ ಪಟ್ಟಿಯಲ್ಲಿ ಈಗ ವಾರ್ಗೆಟ್, ವಿಹ್ತಾವುವೋರಿ ಎನ್140, ಎಚ್4831 ಅನ್ನುವ ಮೂರು ಮದ್ದುಗಳಿವೆ. ಯಾವುದು ತರಲಿ? ಮೂರನ್ನೂ ತಂದು ನೋಡುವಷ್ಟು ಗುಂಡು, ಪ್ರೈಮರ್ ನನ್ನ ಹತ್ತಿರ ಇಲ್ಲ.

ನಳಿಗೆನೋಟ

ಮೊದಲು 4831 ಅನ್ನು ಪಟ್ಟಿಯಿಂದ ತೆಗೆಯಿರಿ. ಅದು ಕೆಟ್ಟ ಮದ್ದಲ್ಲ. ಆದರೆ ನಿಮ್ಮ ತೋಟಾಕ್ಕೆ ಸೇರಿದ್ದಲ್ಲ.

ಒಲೆ ಹಚ್ಚಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತರಗೆಲೆ ಹಾಕಿದರೆ ಭಗ್ಗನೆ ಹತ್ತಿ ಆರಿಹೋಗುತ್ತದೆ. ಪುರಳೆ ಸ್ವಲ್ಪ ಹೊತ್ತು ಉರಿಯುತ್ತದೆ. ಕೊರಡು ಹತ್ತುವುದೇ ನಿಧಾನ, ಆದರೆ ಹೊತ್ತಿಗೊಂದಿಷ್ಟು ಶಾಖ ಕೊಡುತ್ತಾ ಹೋಗುತ್ತದೆ. ಮದ್ದಿನ ಕಾಳಿನ ಗಾತ್ರ, ಆಕಾರ, ಮೇಲಿನ ಲೇಪ ಇವೇ ಅದರ ವೇಗವನ್ನು ನಿರ್ಧರಿಸುತ್ತವೆ. ಒಲೆಗೂ ಮದ್ದಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸುತ್ತಲಿನ ಒತ್ತಡ ಏರಿದಷ್ಟೂ ಮದ್ದು ಬೇಗ ಬೇಗ ಉರಿಯುತ್ತದೆ. ಒತ್ತಡ ಏರದಿದ್ದರೆ ಅರ್ಧಂಬರ್ಧ ಉರಿದು ಉಳಿಯುತ್ತದೆ.

.308ನಲ್ಲಿ ಗುಂಡು ಒಂದೆರಡು ಅಂಗುಲ ಸರಿಯುವಷ್ಟರಲ್ಲೇ ಒತ್ತಡ ತುದಿ ಮುಟ್ಟುತ್ತದೆ. ಈ ತೋಟಾಕ್ಕೆ ಅಮೆರಿಕದ ಕೋವಿ, ತೋಟಾ ತಯಾರಕರ ಸಾಮಿ ಸಂಸ್ಥೆ ಇಟ್ಟಿರುವ ಗರಿಷ್ಠ ಒತ್ತಡದ ಮಿತಿ 62,000 ಪಿಎಸ್‌ಐ. ಆ ಮಿತಿಯ ಒಳಗೆ, ಆದರೆ ಅದಕ್ಕೆ ಹತ್ತಿರವಾಗಿ ನೆಮ್ಮದಿಯಿಂದ ಉರಿಯುವ ಮದ್ದು ಬೇಕು. 4831 ಅನ್ನು .308 ಕೇಸಿನ ಕತ್ತಿನ ತನಕ ತುಂಬಿದರೂ ಆ ಒತ್ತಡ ಬರುವುದಿಲ್ಲ. ಬ್ಯಾರೆಲಿನಲ್ಲಿ ಉರಿಯದ ಕಡ್ಡಿಗಳು ಉಳಿಯುತ್ತವೆ. ವೇಗ ಕಡಿಮೆ ಬರುತ್ತದೆ, ಏರುಪೇರೂ ಆಗುತ್ತದೆ. ಅದೇ 4831 ಅನ್ನು .270 ವಿಂಚೆಸ್ಟರ್‌ಗೆ ಹಾಕಿ ನೋಡಿ, ಚಿನ್ನದಂಥ ಮದ್ದು. ಅಲ್ಲಿ ಕೇಸ್ ದೊಡ್ಡದು, ಬ್ಯಾರೆಲಿನ ತೂತು ಸಣ್ಣದು. ಹೊಟ್ಟೆ ದೊಡ್ಡದು ಕತ್ತು ಸಣ್ಣದು ಆದಷ್ಟೂ ನಿಧಾನದ ಮದ್ದು ಬೇಕು. ಅಷ್ಟು ನೆನಪಿಟ್ಟರೆ ಸಾಕು.

ಇನ್ನು ನಿಖರತೆಗೆ ನಾನು ಮೊದಲು ನೋಡುವುದು ಕೇಸ್ ಎಷ್ಟು ತುಂಬುತ್ತದೆ ಅನ್ನುವುದನ್ನು. ನಿಮ್ಮ ಈಗಿನ ತೋಟಾ ಒಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ. ಸರಸರ ಸದ್ದು ಬಂದರೆ ಒಳಗೆ ಜಾಗ ಉಳಿದಿದೆ ಅಂತ ಅರ್ಥ. ಬ್ಯಾರೆಲ್ ಕೆಳಗೆ ಬಾಗಿಸಿ ಎತ್ತಿದರೆ ಮದ್ದು ಗುಂಡಿನ ಕಡೆ ಇರುತ್ತದೆ. ಮೇಲೆ ಎತ್ತಿ ಇಳಿಸಿದರೆ ಪ್ರೈಮರ್ ಕಡೆ ಇರುತ್ತದೆ. ಪ್ರೈಮರಿನ ಕಿಡಿ ಪ್ರತಿ ಸಲ ಬೇರೆ ಬೇರೆ ರೀತಿ ತಾಗುತ್ತದೆ. ಕೇಸಿನ ಒಳಗಿನ ಜಾಗದ ನೂರಕ್ಕೆ 95ರಿಂದ 100ರಷ್ಟು ತುಂಬುವ ಮದ್ದಿಗೆ ಈ ಕಾಟ ಇಲ್ಲ. ವಾರ್ಗೆಟ್, ಎನ್140 ಎರಡೂ .308ನಲ್ಲಿ ಚೆನ್ನಾಗಿ ತುಂಬುತ್ತವೆ.

ಮದ್ದಿನ ತೂಕದ ಅಂಕಿ ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ತಯಾರಕರ ಈಚಿನ ಪುಸ್ತಕ ತೆಗೆಯಿರಿ. ನಿಮ್ಮದೇ ಗುಂಡಿಗೆ ಕೊಟ್ಟ ಆರಂಭದ ತೂಕದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬನ್ನಿ.

ತಕ್ಕಡಿ

ನಳಿಗೆನೋಟ ಅವರು ಹೇಳಿದ್ದಕ್ಕೆ ಆಕಾರದ ಮಾತು ಸೇರಿಸುತ್ತೇನೆ. ನಾನು ದಿನಾ ಕಣ್ಣಾರೆ ನೋಡುವುದು ಅದನ್ನೇ.

ರೈಫಲ್ ಮದ್ದಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕಡ್ಡಿ ಮದ್ದು. ಶಾವಿಗೆ ಒತ್ತಿದ ಹಾಗೆ ಒತ್ತಿ, ಸಣ್ಣ ತುಂಡು ಮಾಡಿದ್ದು. ಪ್ರತಿ ಕಡ್ಡಿಯ ನಡುವೆ ಕೂದಲೆಳೆಯಂಥ ತೂತು ಇರುತ್ತದೆ. ಹೊರಗಿನಿಂದ ಉರಿದು ಸಣ್ಣದಾಗುತ್ತಾ ಹೋದರೂ ಒಳಗಿನ ತೂತು ಉರಿದು ದೊಡ್ಡದಾಗುತ್ತದೆ. ಹಾಗಾಗಿ ಉರಿಯುವ ಮೈ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಎರಡನೆಯದು ದುಂಡುಕಾಳು, ಸಾಸಿವೆಗಿಂತ ಸಣ್ಣದು. ಅದಕ್ಕೆ ಇಂಥ ತೂತಿಲ್ಲ. ಹಾಗಾಗಿ ಅದರ ವೇಗ ಹಿಡಿಯಲು ಮೇಲೆ ಲೇಪ ಜಾಸ್ತಿ ಕೊಡುತ್ತಾರೆ.

ದುಂಡುಕಾಳು ಅಳತೆಯ ಯಂತ್ರದಲ್ಲಿ ನೀರಿನಂತೆ ಇಳಿಯುತ್ತದೆ. ಕಡ್ಡಿ ಮದ್ದು ಹಾಗಲ್ಲ. ಯಂತ್ರದ ಹಿಡಿ ತಿರುಗಿಸುವಾಗ ಕಟಕ್ ಅಂತ ಕೈಗೆ ತಾಗುತ್ತದೆ. ಅದು ಕಡ್ಡಿ ತುಂಡಾದ ಸದ್ದು. ಕೊಳವೆಯಲ್ಲಿ ಅಡ್ಡ ಸಿಕ್ಕಿಕೊಂಡರೆ ಒಂದು ಕೇಸಿಗೆ ಕಮ್ಮಿ, ಮುಂದಿನದಕ್ಕೆ ಜಾಸ್ತಿ. ಹಾಗಾಗಿ ನಾನು ಸ್ವಲ್ಪ ಕಮ್ಮಿ ಸುರಿದುಕೊಂಡು, ಉಳಿದದ್ದನ್ನು ತಟ್ಟೆಗೆ ಒಂದೊಂದೇ ಕಡ್ಡಿ ಉದುರಿಸುತ್ತೇನೆ.

ಹೊಸಬರಿಗೆ ಒಂದು ಮಾತು. ಗ್ರೇನ್ ಅಂದರೆ ಕಾಳಲ್ಲ, ತೂಕ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ನಡುವಿನ ವೇಗದ ಕಡ್ಡಿ ಮದ್ದಿನಲ್ಲಿ 0.1 ಗ್ರೇನ್ ಅಂದರೆ ನಾಲ್ಕೈದು ಕಡ್ಡಿ. .308ನಲ್ಲಿ ಅಷ್ಟು ಹೆಚ್ಚು ಕಮ್ಮಿಯಾದರೆ ವೇಗ ಸೆಕೆಂಡಿಗೆ ಒಂದೂವರೆ ಮೀಟರಿನಷ್ಟು ಬದಲಾಗುತ್ತದೆ. ಅಂದರೆ ಒಂದೊಂದು ಕಡ್ಡಿಗೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಅರ್ಧ ಗ್ರೇನ್ ಆಚೀಚೆ ಆದರೆ ದೂರದ ಗುರಿಯಲ್ಲಿ ಎದ್ದು ಕಾಣುತ್ತದೆ.

ಅಳೆಯುವುದು ಸುಲಭ ಅನ್ನುವ ಒಂದೇ ಕಾರಣಕ್ಕೆ ದುಂಡುಕಾಳು ಆರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಹತ್ತಿರ ಸಮಯ ಇದೆ, ದಿನಕ್ಕೆ ಐವತ್ತು ತೋಟಾ ಮಾತ್ರ ಮಾಡುತ್ತೀರಿ ಅಂದರೆ ಕಡ್ಡಿ ಮದ್ದಿಗೇ ಹೋಗಿ.

ಹೊಸಗುರಿ

ತುಂಬಾ ಧನ್ಯವಾದ. ತೋಟಾ ಅಲುಗಿಸಿ ನೋಡಿದೆ, ಸದ್ದು ಬರುತ್ತದೆ. 4831 ಕೈಬಿಟ್ಟೆ.

ಹಾಗಾದರೆ ಮಧ್ಯಾಹ್ನ ಮೇಲೆ ಹೋಗುವುದು ಬಿಸಿಲಿಗೆ ಮದ್ದು ಕೆರಳಿದ್ದರಿಂದಲೇ ಅಲ್ವಾ?

ಉದ್ದದೂರ

ಅಲ್ಲಿಗೆ ಬರುತ್ತೇನೆ. ಸ್ವಲ್ಪ ಲೆಕ್ಕ ಹಾಕೋಣ, ಬೇಜಾರು ಮಾಡಿಕೊಳ್ಳಬೇಡಿ.

ಬಿಸಿಗೆ ಮದ್ದಿನ ಉರಿ ಜಾಸ್ತಿಯಾಗುವುದು ನಿಜ. ಕೆಲವು ಮದ್ದುಗಳಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗುಂಡಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಏರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಬೆಳಗ್ಗೆ 15 ಡಿಗ್ರಿ, ಮಧ್ಯಾಹ್ನ 35 ಡಿಗ್ರಿ ಅಂದುಕೊಳ್ಳಿ. ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಬಂತು.

ಈಗ ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 100 ಮೀಟರ್ ದಾಟಲು ಸುಮಾರು 0.13 ಸೆಕೆಂಡ್. ಅಷ್ಟರಲ್ಲಿ ಅದು ಬ್ಯಾರೆಲಿನ ಗೆರೆಯಿಂದ ಎಂಟು ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. ವೇಗ 10 ಮೀಟರ್ ಹೆಚ್ಚಾದರೆ ಆ ಬೀಳುವಿಕೆಯಲ್ಲಿ ಉಳಿಯುವುದು ಸುಮಾರು 2 ಮಿಲಿಮೀಟರ್. ನೀವು ಹೇಳಿದ್ದು ಎರಡು ಸೆಂಟಿಮೀಟರ್. ಹತ್ತು ಪಟ್ಟು ಜಾಸ್ತಿ! ಹಾಗಾಗಿ 100 ಮೀಟರಿನ ಈ ತೊಂದರೆಯನ್ನು ಪೂರ್ತಿ ಮದ್ದಿನ ತಲೆಗೆ ಕಟ್ಟುವುದು ಸರಿಯಲ್ಲ. ಬ್ಯಾರೆಲ್ ಕಾದಿರಬಹುದು. ನೆಲದ ಬಿಸಿಗೆ ಗುರಿ ನೀರಿನಲ್ಲಿ ನೋಡಿದ ಹಾಗೆ ಅಲುಗಿ, ಮೇಲೆ ಎದ್ದಂತೆ ಕಂಡಿರಬಹುದು. ಸ್ಟಾಕ್, ಅಂದರೆ ಬ್ಯಾರೆಲನ್ನು ಹೊತ್ತ ಹಿಡಿಯ ಭಾಗ, ಬ್ಯಾರೆಲಿಗೆ ತಾಗುತ್ತಿರಬಹುದು. ಅದನ್ನು ಮೊದಲು ಹುಡುಕಿ.

ಆದರೆ ನೀವು ಹೊರಟಿರುವುದು 600 ಮೀಟರಿಗೆ. ಅಲ್ಲಿ ಅದೇ 10 ಮೀಟರ್ ವ್ಯತ್ಯಾಸ 10 ಸೆಂಟಿಮೀಟರ್ ಆಗುತ್ತದೆ. 900 ಮೀಟರಿನಲ್ಲಿ ಒಂದು ಗೇಣಿಗೂ ಜಾಸ್ತಿ. ಅಲ್ಲಿ ಬಿಸಿಗೆ ಬಗ್ಗದ ಮದ್ದು ಬೇಕೇ ಬೇಕು. ಹಾಜ್‌ಡನ್‌ನವರ ಎಕ್ಸ್‌ಟ್ರೀಮ್ ಸಾಲು, ಅಂದರೆ ವಾರ್ಗೆಟ್, ಎಚ್4895, ಎಚ್4350, ಇವನ್ನು ಮಾಡಿರುವುದೇ ಅದಕ್ಕೆ. ಇವು ತಯಾರಾಗುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ತಯಾರಕ ಎಡಿಐ ಹೆಸರಿನಲ್ಲಿ ವಾರ್ಗೆಟ್‌ಗೆ ಎಆರ್2208 ಅಂತಲೂ ಎಚ್4350ಗೆ ಎಆರ್2209 ಅಂತಲೂ ಕರೆಯುತ್ತಾರೆ. ಬಿಸಿಗೆ ಇವು ಸ್ವಲ್ಪವೂ ಅಲುಗುವುದಿಲ್ಲ ಅಂತಲ್ಲ, ಕಮ್ಮಿ ಅಲುಗುತ್ತವೆ. ಯಾವ ತೋಟಾದಲ್ಲಿ, ಎಷ್ಟು ತುಂಬಿ ಹೊಡೆದಿರಿ ಅನ್ನುವುದರ ಮೇಲೂ ಹೋಗುತ್ತದೆ.

ಇನ್ನೊಂದು ಮಾತು. ಬಿಸಿಗೆ ಏರುವುದು ವೇಗ ಮಾತ್ರ ಅಲ್ಲ, ಒತ್ತಡವೂ ಏರುತ್ತದೆ. ಚಳಿಗಾಲದಲ್ಲಿ ಮೇಲಿನ ಮಿತಿಗೆ ತಾಗಿಸಿ ಮಾಡಿಟ್ಟ ತೋಟಾ ಬೇಸಿಗೆಯಲ್ಲಿ ಮಿತಿ ದಾಟಬಹುದು. ಕಾದ ಚೇಂಬರಿನಲ್ಲಿ ತೋಟಾ ಕೂರಿಸಿಕೊಂಡು ಗಾಳಿ ನಿಲ್ಲಲಿ ಅಂತ ಎರಡು ನಿಮಿಷ ಕಾಯುವುದೂ ಅಷ್ಟೇ. ತೋಟಾ ಒಲೆಯ ಮೇಲಿಟ್ಟ ಹಾಗೆ ಕಾಯುತ್ತದೆ. ಗುರಿ ಸಿದ್ಧವಾದ ಮೇಲೆ ಬೋಲ್ಟ್ ಮುಚ್ಚಿ.

ಏಣಿಯಾಟ

ಲೆಕ್ಕ ಸರಿ ಇದೆ, ಆದರೆ ಪೂರ್ತಿ ಅಲ್ಲ ಅಂತ ನನಗನಿಸುತ್ತದೆ. ಗುಂಡು ಹೊರಡುವಾಗ ಬ್ಯಾರೆಲ್ ಸುಮ್ನೆ ನಿಂತಿರುವುದಿಲ್ಲ, ಅದುರುತ್ತದೆ. ವೇಗ ಬದಲಾದರೆ ಗುಂಡು ಬ್ಯಾರೆಲಿನ ಬಾಯಿ ಬಿಡುವ ಗಳಿಗೆ ಬದಲಾಗುತ್ತದೆ. ಆಗ ಬಾಯಿ ಬೇರೆ ಕಡೆ ತಿರುಗಿರಬಹುದು. ಬೀಳುವಿಕೆಯ ಲೆಕ್ಕದಲ್ಲಿ ಇದು ಬರುವುದಿಲ್ಲ.

ಅದಕ್ಕೇ ನಾನು ಏಣಿ ಪರೀಕ್ಷೆ ನಂಬುತ್ತೇನೆ. ಅಮೆರಿಕದ ಕ್ರೈಟನ್ ಆಡೆಟ್ ಅವರ ಹೆಸರಿನಲ್ಲಿ ಹರಡಿದ ವಿಧಾನ ಇದು. ಕಮ್ಮಿ ತೂಕದಿಂದ ಶುರು ಮಾಡಿ ಒಂದೊಂದು ತೋಟಾಕ್ಕೂ ಸ್ವಲ್ಪ ಸ್ವಲ್ಪ ಮದ್ದು ಏರಿಸುತ್ತಾ, ಒಂದೇ ಗುರಿಗೆ, ಕನಿಷ್ಠ 200-300 ಮೀಟರ್ ದೂರದಿಂದ ಹೊಡೆಯಬೇಕು. ತೂತುಗಳು ಏಣಿಯ ಹಾಗೆ ಮೇಲೆ ಮೇಲೆ ಹೋಗುತ್ತವೆ. ನಡುವೆ ಒಂದು ಕಡೆ ಮೂರ್ನಾಲ್ಕು ತೂತು ಒಂದೇ ಎತ್ತರದಲ್ಲಿ ಗುಂಪುಗೂಡಿದರೆ ಅದೇ ನಿಮ್ಮ ರೈಫಲಿಗೆ ಒಗ್ಗುವ ಜಾಗ. ತೂಕ ಸ್ವಲ್ಪ ಆಚೀಚೆ ಆದರೂ ಗುಂಡು ಅಲ್ಲೇ ಬೀಳುತ್ತದೆ. ಯಾವ ಮದ್ದಿನಲ್ಲಿ ಆ ಜಾಗ ಅಗಲವಾಗಿ ಸಿಗುತ್ತದೋ ಆ ಮದ್ದು ಇಟ್ಟುಕೊಳ್ಳಿ. ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಕೈಕೊಟ್ಟಿಲ್ಲ.

ಲೆಕ್ಕಿಗ

ಏಣಿಯಾಟ ಅವರೇ, ನಿಮ್ಮ ಅನುಭವಕ್ಕೆ ಗೌರವ ಇಟ್ಟೇ ಹೇಳುತ್ತೇನೆ. ಒಂದೊಂದು ತೂಕಕ್ಕೆ ಒಂದೊಂದೇ ಗುಂಡು ಹೊಡೆದು ಬರುವ ಚಿತ್ರವನ್ನು ನಾನು ನಂಬುವುದಿಲ್ಲ. ಅದೇ ಏಣಿಯನ್ನು ಅದೇ ದಿನ ಎರಡನೇ ಸಲ ಹೊಡೆಯಿರಿ. ನಾನು ಹೊಡೆದಿದ್ದೇನೆ. ಮೊದಲ ಸಲ ಗುಂಪುಗೂಡಿದ ಜಾಗ ಎರಡನೇ ಸಲ ಇರಲಿಲ್ಲ, ಬೇರೆ ಕಡೆ ಇತ್ತು. ಮೂರನೇ ಸಲ ಇನ್ನೊಂದು ಕಡೆ.

ಹೊಸಗುರಿ ಅವರಿಗೆ ನನ್ನ ಮುಖ್ಯ ಮಾತು ಇದು. ನಿಮ್ಮ 12 ಮಿಲಿಮೀಟರ್ ಮತ್ತು 38 ಮಿಲಿಮೀಟರ್ ಎರಡೂ ಒಂದೇ ತೋಟಾದ ಒಂದೇ ಗುಣದಿಂದ ಬಂದಿರಬಹುದು. ಮೂರು ಗುಂಡಿನ ಗ್ರೂಪ್ ಅಷ್ಟು ಹಾರಾಡುತ್ತದೆ.

ವೇಗ ಅಳೆಯುವ ಯಂತ್ರದಲ್ಲೂ ಇದೇ ಕಥೆ. ಐದು ಗುಂಡು ಹೊಡೆದು "ಪ್ರಮಾಣಿತ ವಿಚಲನೆ (ವೇಗ ಸರಾಸರಿಯಿಂದ ಎಷ್ಟು ಚದುರುತ್ತದೆ ಅನ್ನುವ ಅಳತೆ) ಸೆಕೆಂಡಿಗೆ 3 ಮೀಟರ್ ಬಂತು" ಅಂತ ಖುಷಿಪಡುತ್ತೇವೆ. ಸಂಖ್ಯಾಶಾಸ್ತ್ರದ ಪ್ರಕಾರ, ನೂರಕ್ಕೆ 95ರ ಭರವಸೆಯಲ್ಲಿ, ನಿಜವಾದ ಅಂಕಿ 1.8ರಿಂದ 8.6ರ ತನಕ ಎಲ್ಲಿ ಬೇಕಾದರೂ ಇರಬಹುದು. ಅದೇ 3 ಮೀಟರ್ ಇಪ್ಪತ್ತು ಗುಂಡಿಗೆ ಬಂದರೆ ನಿಜ 2.3ರಿಂದ 4.4ರ ಒಳಗೆ. ಎಷ್ಟು ಬಿಗಿಯಾಯಿತು ನೋಡಿ. ಐದು ಗುಂಡು ನೋಡಿ ಒಂದು ಮದ್ದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅಂತ ತೀರ್ಮಾನಿಸಿದರೆ, ಒಳ್ಳೆಯ ಮದ್ದನ್ನೇ ಎಸೆದು ಬರುವ ಸಾಧ್ಯತೆ ಬೇಕಾದಷ್ಟಿದೆ.

ಗುಂಡು ಕಮ್ಮಿ ಇದೆ ಅಂದಿರಿ. ಹಾಗಾದರೆ ಹತ್ತು ತೂಕ ಪರೀಕ್ಷಿಸಬೇಡಿ. ಒಂದು ಮದ್ದು, ಪುಸ್ತಕದ ಮಿತಿಯ ಒಳಗೆ ಒತ್ತಡದ ಗುರುತು ಕಾಣದ ಒಂದು ತೂಕ, ಇಪ್ಪತ್ತು ಗುಂಡು. ಬ್ಯಾರೆಲ್ ಆರಲು ಬಿಟ್ಟು ಬಿಟ್ಟು ಹೊಡೆಯಿರಿ. ಆಮೇಲೆ ಬೇಕಾದರೆ ಎರಡನೇ ಮದ್ದು.

ಏಣಿಯಾಟ

ಎರಡನೇ ಸಲ ಹೊಡೆಯಿರಿ ಅನ್ನುವ ಮಾತು ಒಪ್ಪುತ್ತೇನೆ. ನಾನು ಯಾವತ್ತೂ ಹಾಗೆ ಮಾಡಿ ನೋಡಿಲ್ಲ. ಈ ತಿಂಗಳು ಮಾಡುತ್ತೇನೆ. ಆದರೆ ಏಣಿಯಿಂದ ಇನ್ನೊಂದು ಲಾಭ ಇದೆ, ಅದನ್ನು ಬಿಡಬೇಡಿ. ಒಂದೊಂದೇ ಮೆಟ್ಟಿಲು ಏರುವಾಗ ಒತ್ತಡ ಎಲ್ಲಿ ಶುರುವಾಗುತ್ತದೆ ಅಂತ ಕೈಗೆ ತಿಳಿಯುತ್ತದೆ. ಬೋಲ್ಟ್ ಎತ್ತುವುದು ಬಿಗಿಯಾಗುವುದು, ಪ್ರೈಮರ್ ಚಪ್ಪಟೆಯಾಗುವುದು, ಕೇಸಿನ ಹಿಂಭಾಗದಲ್ಲಿ ಹೊಳೆಯುವ ಗುರುತು ಮೂಡುವುದು.

ನಳಿಗೆನೋಟ

ಅದು ಸರಿಯಾದ ಮಾತು. ಆದರೆ ಆ ಗುರುತುಗಳು ತಡವಾಗಿ ಬರುತ್ತವೆ. ಅವು ಕಂಡಾಗ ಸಾಮಾನ್ಯವಾಗಿ ಮಿತಿ ದಾಟಿ ಆಗಿರುತ್ತದೆ. ಗುರುತು ಕಾಣಲಿಲ್ಲ ಅಂತ ಪುಸ್ತಕದ ಗರಿಷ್ಠ ತೂಕ ದಾಟಬೇಡಿ.

ಹಳೆಕೋವಿ

ತಡವಾಗಿ ಬಂದೆ, ಕ್ಷಮಿಸಿ. ಮದ್ದು ಆರಿಸುವ ಮಾತು ಬಂದರೆ ನಾನು ನಿಖರತೆಗಿಂತ ಮೊದಲು ಹೆಸರಿನ ಮಾತು ಆಡುತ್ತೇನೆ.

ಎಚ್4831, ಐಎಂಆರ್ 4831 ಎರಡೂ ಒಂದೇ ಅಲ್ಲ. ಐಎಂಆರ್ ಅನ್ನುವುದು ಇನ್ನೊಂದು ಬ್ರ್ಯಾಂಡು. ಅಂಕಿ ಒಂದೇ, ಮದ್ದು ಬೇರೆ. ಐಎಂಆರ್ ಸ್ವಲ್ಪ ಬೇಗ ಉರಿಯುತ್ತದೆ. ಒಂದರ ತೂಕ ನೋಡಿ ಇನ್ನೊಂದನ್ನು ಹಾಕಿದರೆ ಅಪಾಯ. 4895, 4350 ಕೂಡ ಹಾಗೇ, ಎರಡೆರಡು ಇವೆ. ಇದರ ಹಿಂದೆ ಒಂದು ಚರಿತ್ರೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಉಳಿದಿದ್ದ ರಾಶಿ ರಾಶಿ ಮದ್ದನ್ನು ಬ್ರೂಸ್ ಹಾಜ್‌ಡನ್ ಕೊಂಡು ತೋಟಾ ತುಂಬುವವರಿಗೆ ಮಾರಲು ಶುರು ಮಾಡಿದರು. 4895 ಮೊದಲು ಸೇನೆಯ .30-06 ತೋಟಾದ ಮದ್ದು. ಅಂಕಿಗಳು ಹಾಗೇ ಉಳಿದವು, ಆಮೇಲೆ ಬೇರೆ ಬೇರೆ ಕಾರ್ಖಾನೆಯಲ್ಲಿ ಬೇರೆ ಬೇರೆ ರೀತಿ ತಯಾರಾದವು.

ಉರಿವೇಗದ ಪಟ್ಟಿ ಅಂತ ಒಂದು ಸಿಗುತ್ತದೆ. ಬೇಗದಿಂದ ನಿಧಾನಕ್ಕೆ ಸಾಲಾಗಿ ಹೆಸರು ಬರೆದದ್ದು. ಒಳ್ಳೆಯ ಪಟ್ಟಿ, ನನ್ನ ಗೋಡೆ ಮೇಲೂ ಇದೆ. ಆದರೆ ಅದು ಸಾಲು ಮಾತ್ರ, ಅಳತೆ ಅಲ್ಲ. ಪಕ್ಕಪಕ್ಕದ ಎರಡು ಹೆಸರಿನ ನಡುವೆ ಅಂತರ ಎಷ್ಟು ಅಂತ ಅದು ಹೇಳುವುದಿಲ್ಲ. ಅದನ್ನು ನೋಡಿ "ಇದರ ಬದಲು ಅದು ಹಾಕಿದರಾಯಿತು" ಅನ್ನಬೇಡಿ.

ನನ್ನ ಜೀವನದಲ್ಲಿ ನಡೆದದ್ದು ಹೇಳುತ್ತೇನೆ. ಹದಿನೈದು ವರ್ಷ ಆಯಿತು. ಮೇಜಿನ ಮೇಲೆ ಎರಡು ಡಬ್ಬ ತೆರೆದಿದ್ದವು. ಒಂದು ಪಿಸ್ತೂಲಿನ ಮದ್ದು, ಒಂದು ರೈಫಲಿನದು. ನಡುವೆ ಯಾರೋ ಕರೆದರು, ಎದ್ದು ಹೋದೆ. ಬಂದು ಅಳತೆ ಯಂತ್ರಕ್ಕೆ ಸುರಿದೆ. ಆರು ಕೇಸ್ ತುಂಬಿದ ಮೇಲೆ ದೀಪದ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಕಡ್ಡಿ ಕಾಣಬೇಕಿತ್ತು, ಚಪ್ಪಟೆ ಚೂರುಗಳು ಕಂಡವು. ಎಲ್ಲವೂ ಪಿಸ್ತೂಲಿನ ಮದ್ದು. ಅದನ್ನು ರೈಫಲಿನಲ್ಲಿ ಹೊಡೆದಿದ್ದರೆ ಬೋಲ್ಟು ಮುಖಕ್ಕೆ ಬರುತ್ತಿತ್ತು. ಅವತ್ತು ಕೈ ನಡುಗಿದ್ದು ಇವತ್ತಿಗೂ ನೆನಪಿದೆ. ಅಂದಿನಿಂದ ಮೇಜಿನ ಮೇಲೆ ಒಂದೇ ಡಬ್ಬ. ಕೆಲಸ ಮುಗಿದರೆ ಯಂತ್ರ ಖಾಲಿ ಮಾಡಿ, ಅದೇ ಡಬ್ಬಕ್ಕೆ ಸುರಿದು, ಮುಚ್ಚಿ ಎತ್ತಿಡುತ್ತೇನೆ. ಎರಡು ಮದ್ದು ಬೆರೆಸುವುದಂತೂ ಕನಸಿನಲ್ಲೂ ಬೇಡ. ಬೆರೆತಿದೆ ಅಂತ ಅನುಮಾನ ಬಂದ ಮದ್ದು ಎಷ್ಟೇ ಇದ್ದರೂ ಬಳಸಬೇಡಿ.

ನಿಧಾನದ ಮದ್ದನ್ನು ದೊಡ್ಡ ಕೇಸಿನಲ್ಲಿ ಪುಸ್ತಕದ ಕನಿಷ್ಠಕ್ಕಿಂತ ಕಮ್ಮಿ ತುಂಬುವುದೂ ಅಪಾಯವೇ. ಕಮ್ಮಿ ಮದ್ದು ಅಂದರೆ ಕಮ್ಮಿ ಒತ್ತಡ ಅಂದುಕೊಳ್ಳುತ್ತಾರೆ. ಕೆಲವು ಸಲ ಒತ್ತಡ ಇದ್ದಕ್ಕಿದ್ದಂತೆ ಮೇಲೆ ಹಾರಿ ರೈಫಲೇ ಒಡೆದ ಉದಾಹರಣೆಗಳಿವೆ.

ಪ್ರೈಮರ್‌ಪೆಟ್ಟಿಗೆ

ಚಿಕ್ಕ ಪ್ರಶ್ನೆ. ದುಂಡುಕಾಳಿಗೆ ಮ್ಯಾಗ್ನಮ್ ಪ್ರೈಮರ್ ಬೇಕು ಅಂತಾರೆ, ನಿಜವಾ?

ತಕ್ಕಡಿ

ಬಹಳ ಸಲ ನಿಜ. ಮೇಲಿನ ಲೇಪ ದಪ್ಪ ಇರುವುದರಿಂದ ಹತ್ತಿಸಲು ಬಿಸಿ ಕಿಡಿ ಬೇಕಾಗುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ. ಆದರೆ ಪುಸ್ತಕದಲ್ಲಿ ಆ ಮದ್ದಿಗೆ ಯಾವ ಪ್ರೈಮರ್ ಬರೆದಿದ್ದಾರೋ ಅದನ್ನೇ ಹಾಕಿ. ಪ್ರೈಮರ್ ಬದಲಾಯಿಸಿದರೆ ಮದ್ದಿನ ತೂಕ ಕೆಳಗಿನಿಂದ ಮತ್ತೆ ಶುರು ಮಾಡಬೇಕು. .308ನಲ್ಲಿ ವಾರ್ಗೆಟ್‌ಗೆ ಸಾಮಾನ್ಯ ಲಾರ್ಜ್ ರೈಫಲ್ ಪ್ರೈಮರ್ ಸಾಕು.

ಬೆಂಚುಗಾರ

ನಾನು ಬೆಂಚ್‌ರೆಸ್ಟ್ ಆಡುವವನು, ಅಂದರೆ ರೈಫಲನ್ನು ಮೇಜಿನ ಮೇಲೆ ಆಸರೆಗಿಟ್ಟು ಅತಿ ಚಿಕ್ಕ ಗ್ರೂಪಿಗಾಗಿ ಸ್ಪರ್ಧಿಸುವವನು. ನನ್ನದು 6 ಪಿಪಿಸಿ. 1975ರಲ್ಲಿ ಲೂ ಪಾಲ್ಮಿಸಾನೊ, ಫೆರಿಸ್ ಪಿಂಡೆಲ್ ಇಬ್ಬರು ಸೇರಿ ಮಾಡಿದ ತೋಟಾ. ನಮ್ಮಲ್ಲಿ ಬಹುತೇಕ ಎಲ್ಲರೂ ವಿಹ್ತಾವುವೋರಿ ಎನ್133 ಹಾಕುತ್ತಾರೆ. ನಿಮಗೆ ಆಶ್ಚರ್ಯ ಆಗಬಹುದು, ನಮ್ಮಲ್ಲಿ ತುಂಬಾ ಜನ ಮದ್ದು ತೂಗುವುದೇ ಇಲ್ಲ. ಯಂತ್ರದಲ್ಲಿ ಅಳೆದು ಸುರಿಯುತ್ತಾರೆ. 100, 200 ಗಜದಲ್ಲಿ ವೇಗದ ಸಣ್ಣ ವ್ಯತ್ಯಾಸ ಗುರಿಯಲ್ಲಿ ಕಾಣುವುದಿಲ್ಲ, ಉದ್ದದೂರ ಅವರ ಲೆಕ್ಕ ಅದನ್ನೇ ಹೇಳುತ್ತದೆ.

ಆದರೆ ಒಂದು ವಿಷಯದಲ್ಲಿ ನಾವು ತುಂಬಾ ಹುಷಾರು, ಗಾಳಿಯ ತೇವ. ಮದ್ದು ತೇವ ಹೀರುತ್ತದೆ, ಬಿಡುತ್ತದೆ. ಒಣಗಿದ ಮದ್ದು ಬೇಗ ಉರಿಯುತ್ತದೆ, ತೇವ ಹೀರಿದ್ದು ನಿಧಾನ. ಅಷ್ಟೇ ಅಲ್ಲ, ತೇವ ಹೀರಿದ ಮದ್ದು ತೂಕವೂ ಬರುತ್ತದೆ. ಅಂದರೆ ತಕ್ಕಡಿಯಲ್ಲಿ ಅದೇ ಅಂಕಿ ಬಂದರೂ ಒಳಗೆ ಹೋದ ನಿಜವಾದ ಮದ್ದು ಕಮ್ಮಿ. ಹಾಗಾಗಿ ಡಬ್ಬದ ಮುಚ್ಚಳ ತೆರೆದಿಟ್ಟು ಊಟಕ್ಕೆ ಏಳಬೇಡಿ. ರಾತ್ರಿಯಿಡೀ ಯಂತ್ರದಲ್ಲಿ ಬಿಡಬೇಡಿ. ನೈಟ್ರೋಗ್ಲಿಸರಿನ್ ಬೆರೆತ ಮದ್ದಾದರೆ ಯಂತ್ರದ ಪ್ಲಾಸ್ಟಿಕ್ಕಿಗೂ ಹಿಡಿಯುತ್ತದೆ, ಮಂಜುಮಂಜಾದ ಕಲೆ ಹೋಗುವುದೇ ಇಲ್ಲ.

ಹಳೆಯ ಡಬ್ಬ ತೆರೆದಾಗ ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂದರೆ, ಕೆಂಪು ಕಂದು ಹೊಗೆ ಅಥವಾ ಧೂಳು ಕಂಡರೆ, ಆ ಮದ್ದು ಕೆಟ್ಟಿದೆ. ಒಳ್ಳೆಯ ಮದ್ದಿನ ವಾಸನೆ ಬೇರೆ, ಈಥರ್ ಥರ ತಣ್ಣಗಿರುತ್ತದೆ.

ಹೊಸಗುರಿ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತು ಕೇಳಿ ಒಂದೇ ಮದ್ದು ತಂದೆ, ವಾರ್ಗೆಟ್. ಪುಸ್ತಕದ ಆರಂಭದ ತೂಕದಿಂದ ಮೆಲ್ಲಗೆ ಏರಿಸಿದೆ. ಗರಿಷ್ಠಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸಿದೆ. ಅಲುಗಿಸಿದರೆ ಈಗ ಸದ್ದಿಲ್ಲ.

ಲೆಕ್ಕಿಗ ಅವರು ಹೇಳಿದ ಹಾಗೆ ಹೊಸ ಮದ್ದು ಇಪ್ಪತ್ತು, ಹಳೆಯದು ಇಪ್ಪತ್ತು. ಅರ್ಧ ಬೆಳಗ್ಗೆ, ಅರ್ಧ ಮಧ್ಯಾಹ್ನ. ಈ ಸಲ ಎರಡು ಗುಂಡಿಗೊಮ್ಮೆ ಬೋಲ್ಟ್ ತೆರೆದಿಟ್ಟು, ಬ್ಯಾರೆಲ್ ಮುಟ್ಟಿ ನೋಡಿ, ಆರಿದ ಮೇಲೆ ಹೊಡೆದೆ. ನಾಲ್ಕು ಗಂಟೆ ಹಿಡಿಯಿತು.

100 ಮೀಟರಿನಲ್ಲಿ ಎರಡೂ ಮದ್ದಿಗೆ ದೊಡ್ಡ ವ್ಯತ್ಯಾಸವೇ ಇಲ್ಲ! ಹತ್ತು ಗುಂಡಿನ ಗ್ರೂಪ್ ಹಳೆಯದಕ್ಕೆ 34, ಹೊಸದಕ್ಕೆ 31 ಮಿಲಿಮೀಟರ್. ಮಧ್ಯಾಹ್ನ ಎರಡು ಸೆಂಟಿಮೀಟರ್ ಮೇಲೆ ಹೋಗುತ್ತಿದ್ದದ್ದು ಹಳೆಯ ಮದ್ದಿನಲ್ಲೂ ನಿಂತುಹೋಯಿತು. ಅಂದರೆ ನಾನು ಗಡಿಬಿಡಿಯಲ್ಲಿ ಹೊಡೆದು ಬ್ಯಾರೆಲ್ ಕಾಯಿಸುತ್ತಿದ್ದೆ. ಆಮೇಲೆ ಒಂದು ಕಾಗದದ ಚೂರನ್ನು ಬ್ಯಾರೆಲ್ ಮತ್ತು ಸ್ಟಾಕಿನ ನಡುವೆ ಎಳೆದು ನೋಡಿದೆ. ಮುಂದಿನ ತುದಿಯ ಹತ್ತಿರ ಎಡಗಡೆ ಸಿಕ್ಕಿಕೊಂಡಿತು. ಉದ್ದದೂರ ಅವರೇ, ನೀವು ಹೇಳಿದ್ದು ಅದೇ ಅಲ್ವಾ?

ಆದರೆ ವೇಗದ ಯಂತ್ರ ಬೇರೆ ಕಥೆ ಹೇಳಿತು. ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹಳೆಯ ಮದ್ದಿನ ಸರಾಸರಿ ಸೆಕೆಂಡಿಗೆ 11 ಮೀಟರ್ ಏರಿತ್ತು. ವಾರ್ಗೆಟ್ 3 ಮೀಟರ್. ಹೋದ ಭಾನುವಾರ ಮೊದಲ ಸಲ 600 ಮೀಟರಿಗೆ ಹೋದೆ. ಬೆಳಗ್ಗೆ ಸೈಟಿನಲ್ಲಿ ಇಟ್ಟ ಎತ್ತರವನ್ನು ಸಂಜೆಯ ತನಕ ಒಂದೇ ಒಂದು ಕ್ಲಿಕ್ ಬದಲಾಯಿಸಿದೆ.

ಒಂದು ಪ್ರಶ್ನೆ ಉಳಿದಿದೆ. ಇದೇ ಡಬ್ಬ ಮುಗಿದ ಮೇಲೆ ಇನ್ನೊಂದು ವಾರ್ಗೆಟ್ ತಂದರೆ ಇದೇ ತೂಕ ಹಾಕಬಹುದಾ?

ಲೆಕ್ಕಿಗ

ಇಪ್ಪತ್ತು ಗುಂಡು ಹೊಡೆದು ಬಂದಿರಲ್ಲ, ಓದಿ ತುಂಬಾ ಸಂತೋಷವಾಯಿತು. 34ಕ್ಕೂ 31ಕ್ಕೂ ವ್ಯತ್ಯಾಸ ಇಲ್ಲ ಅಂತ ನೀವೇ ಹೇಳಿದ್ದು ಇನ್ನೂ ಸಂತೋಷ.

ಏಣಿಯಾಟ

ನಾನೂ ಹೇಳಿದ ಹಾಗೆ ಏಣಿಯನ್ನು ಎರಡು ಸಲ ಹೊಡೆದೆ. ಗುಂಪುಗೂಡಿದ ಜಾಗ ಅರ್ಧ ಗ್ರೇನ್ ಆಚೆ ಹೋಗಿತ್ತು. ಮೂರನೇ ಸಲ ಹೊಡೆಯಲು ಮದ್ದು ತೂಗಿಟ್ಟಿದ್ದೇನೆ. ಫಲಿತಾಂಶ ಇಲ್ಲೇ ಹಾಕುತ್ತೇನೆ.

ಹಳೆಕೋವಿ

ಹೊಸಗುರಿ, ಹೊಸ ಡಬ್ಬದ ಮೇಲೆ ಲಾಟ್ ನಂಬರ್, ಅಂದರೆ ಒಂದೇ ಸಲಕ್ಕೆ ತಯಾರಾದ ಮದ್ದಿನ ಗುರುತು, ನೋಡಿ. ಅದೇ ನಂಬರ್ ಆದರೆ ಅದೇ ತೂಕ ಹಾಕಿ. ಬೇರೆ ನಂಬರ್ ಆದರೆ ತೂಕ ಇಳಿಸಿ ಮತ್ತೆ ಮೇಲೆ ಬನ್ನಿ. ಅಂಗಡಿಗೆ ಬರುವ ಮದ್ದನ್ನು ಬೆರೆಸಿ ಸಮ ಮಾಡಿಯೇ ಕಳಿಸುತ್ತಾರೆ, ಆದರೂ ಲಾಟಿನಿಂದ ಲಾಟಿಗೆ ಸ್ವಲ್ಪ ಬದಲಾಗುತ್ತದೆ. ನಾನು ಡಬ್ಬ ತೆರೆದ ದಿನವೇ ಲಾಟ್ ನಂಬರನ್ನು ಮಾರ್ಕರಿನಲ್ಲಿ ತೋಟಾ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆಯುತ್ತೇನೆ. ಮದ್ದಿನ ಹೆಸರು, ತೂಕ, ಪ್ರೈಮರ್, ಗುಂಡು, ತಾರೀಕು. ಹೊರಗೆ ಬರೆದರೆ ಕೈ ತಾಗಿ ಅಳಿಸಿಹೋಗುತ್ತದೆ.

ಸಾಧ್ಯವಾದರೆ ಈಗಲೇ ಅದೇ ಲಾಟಿನ ಇನ್ನೊಂದು ಡಬ್ಬ ತಂದಿಡಿ. ಮೂಲ ಡಬ್ಬದಲ್ಲೇ ಇರಲಿ, ತಣ್ಣಗಿನ ಒಣ ಜಾಗ, ಮರದ ಪೆಟ್ಟಿಗೆ ಒಳ್ಳೆಯದು. ಗಾಳಿ ಆಡದ ಉಕ್ಕಿನ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ. ಬೆಂಕಿ ಬಿದ್ದರೆ ತೆರೆದ ಮದ್ದು ಉರಿದುಹೋಗುತ್ತದೆ, ಬಿಗಿದು ಮುಚ್ಚಿದ್ದು ಸಿಡಿಯುತ್ತದೆ.

ಸ್ಟಾಕಿನ ಎಡಗಡೆ ತಾಗುವುದನ್ನು ಈ ವಾರವೇ ಉಜ್ಜಿ ಸರಿ ಮಾಡಿ. ಆಮೇಲೆ ಮತ್ತೆ ಹತ್ತು ಗುಂಡು ಹೊಡೆದು ಗ್ರೂಪಿನ ಫೋಟೋ ಹಾಕಿ, ನೋಡೋಣ.